ಗಾಳಿ ಬಾರದ ಕಿಟಕಿಯ ಸೀಟು

ಜಗತ್ತಿನಲ್ಲಿ ಅತ್ಯಂತ ಧಾರಾಳವಾಗಿ ಸಲಹೆ ಕೊಡುವವರು ಯಾರೆಂದರೆ, ಆ ವಿಷಯದಲ್ಲಿ ಸ್ವಂತ ಅನುಭವದ ಹೊರೆ ಇಲ್ಲದವರು. ಮದುವೆಯೇ ಆಗದ ಚಿಕ್ಕಪ್ಪ ಸಂಸಾರ ತೂಗಿಸುವ ಗುಟ್ಟು ಹೇಳುತ್ತಾನೆ. ಒಲೆ ಹಚ್ಚಲು ಬಾರದವನು ಸಾರಿಗೆ ಇಂಗು ಯಾವ ಹೊತ್ತಿಗೆ ಬೀಳಬೇಕೆಂದು ಹೇಳುತ್ತಾನೆ. ಹಾಗೆಯೇ ನಾನು, ವಿಮಾನದಲ್ಲಿ ಯಾವ ಕಡೆಯ ಕಿಟಕಿ ಹಿಡಿದರೆ ಒಳ್ಳೆಯ ನೋಟ ಸಿಗುತ್ತದೆ ಎಂದು ಮುಂಬೈ ಹತ್ತಿರದ ಸೀವುಡ್ಸಿನ ನಮ್ಮ ಆಫೀಸಿನ ಅರ್ಧ ಜನಕ್ಕೆ, ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮುಕ್ಕಾಲು ಜನಕ್ಕೆ ಹೇಳಿಕೊಂಡು ಬಂದವನು. ಇಪ್ಪತ್ತಾರು ವರ್ಷ ತುಂಬುವವರೆಗೆ ನಾನು ವಿಮಾನದ ಮೆಟ್ಟಿಲಿನ ಮೇಲೆ ಕಾಲಿಟ್ಟವನಲ್ಲ. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಪ್ರಸಂಗ ಎಂದು ಶಾಲೆಯಲ್ಲಿ ನನಗೆ ಹಲವು ಸಲ, ಬೆಂಚಿನ ಮೇಲೆ ನಿಲ್ಲಿಸಿ, ಹೇಳಿಕೊಟ್ಟಿದ್ದರು.

ನನ್ನ ಬಂಡವಾಳ ಎರಡೇ. ಒಂದು ಫೋನಿನಲ್ಲಿರುವ ನಕಾಶೆ, ಇನ್ನೊಂದು ನನ್ನ ಗಂಟಲು. ಚಿಕ್ಕಂದಿನಿಂದ ನನಗೆ ಇನ್ನೊಬ್ಬರ ದನಿ ಕದಿಯುವ ಚಾಳಿ. ಅಪ್ಪನದು ಠಾಣೆಯ ವರ್ತಕ ನಗರದಲ್ಲಿ ಒಂದು ಸಸ್ಯಾಹಾರಿ ಹೋಟೆಲು. ಒಂದು ಭಾನುವಾರ ಅಡುಗೆಮನೆಯ ಕಿಂಡಿಯ ಹತ್ತಿರ ನಿಂತು ಅಪ್ಪನ ದನಿಯಲ್ಲಿ ‘ಆರು ಮಸಾಲೆ ದೋಸೆ, ಬೇಗ ಬೇಗ!’ ಎಂದು ಕೂಗಿದೆ. ಭಟ್ಟರು ಹೊಯ್ದೇಬಿಟ್ಟರು. ಯಾರೂ ಕೇಳದ ಆ ಆರು ದೋಸೆಗಳನ್ನು ಮುಂದಿಟ್ಟುಕೊಂಡು ಅಪ್ಪ ನನ್ನನ್ನು ಹೊಡೆಯುವರೆಂದು ಕಾದೆ. ಅವರು ಬಹಳ ಹೊತ್ತು ಯೋಚಿಸಿ, ‘ನನ್ನ ಸ್ವರ ಅಷ್ಟು ಕೀರಲಾ?’ ಎಂದು ಕೇಳಿದರು. ಅಂಥ ಗಂಟಲು ನನ್ನದು. ಆಫೀಸಿನಲ್ಲಿ ಯಾರಾದರೂ ಟಿಕೆಟು ಬುಕ್ ಮಾಡುತ್ತ ‘ಯಾವ ಸೈಡ್ ತಗೊಳ್ಳಲಿ?’ ಎಂದು ಕೇಳಿದರೆ, ನಾನು ನಕಾಶೆಯನ್ನು ಮೂರು ಸಲ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಬಾಯಲ್ಲಿ ಬಿಸಿ ಇಡ್ಲಿ ಇಟ್ಟುಕೊಂಡು ಹವಾಮಾನ ವರದಿ ಓದುವ ಪೈಲಟ್ಟಿನ ದನಿ ತೆಗೆದು ಉತ್ತರ ಕೊಡುತ್ತಿದ್ದೆ. ಆ ದನಿ ಕೇಳಿದ ಮೇಲೆ ಯಾರಿಗೂ ನನ್ನ ಅನುಭವದ ಬಗ್ಗೆ ಸಂಶಯ ಬರುತ್ತಿರಲಿಲ್ಲ.

ಸಲಹೆಯ ಫಲ ಉಂಡವರ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಆಫೀಸಿನ ಒಬ್ಬನಿಗೆ ಕೊಚ್ಚಿಗೆ ಹೋಗುವಾಗ ಸಮುದ್ರ ಕಾಣುವ ಕಿಟಕಿಯೆಂದು ಹನ್ನೊಂದನೇ ಸಾಲಿನದನ್ನು ಹಿಡಿಸಿಕೊಟ್ಟೆ. ಹೋಗಿ ಕೂತರೆ ಅಲ್ಲಿ ಕಿಟಕಿಯೇ ಇಲ್ಲ, ಬರೀ ಗೋಡೆ. ಪೂರ್ತಿ ದಾರಿ ಆ ಪುಣ್ಯಾತ್ಮ ಗೋಡೆಗೆ ಕೆನ್ನೆ ಕೊಟ್ಟು, ಅದರಾಚೆ ಅರಬ್ಬೀ ಸಮುದ್ರ ಇದೆ ಎಂಬ ನಂಬಿಕೆಯಲ್ಲಿ ಕೂತಿದ್ದನಂತೆ. ಇನ್ನೊಬ್ಬಳಿಗೆ ವಿಮಾನದ ರೆಕ್ಕೆ ಮಾತ್ರ ಕಂಡಿತು. ರೆಕ್ಕೆಯ ಹದಿನಾಲ್ಕು ಫೋಟೋ ತೆಗೆದು ಕಳಿಸಿದ್ದಳು, ಬೈಗುಳ ಸೇರಿಸಿರಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು.

ಆದರೂ ನನ್ನ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ಡೊಂಬಿವಲಿಯಲ್ಲಿ ಹುಟ್ಟಿದವರಿಗೆ ಕಿಟಕಿ ಸೀಟಿನ ವಿದ್ಯೆ ತೊಟ್ಟಿಲಿನಲ್ಲೇ ಬರುತ್ತದೆ. ಮುಂಬೈ ಕಡೆ ಹೋಗಬೇಕಾದವರು ಇಲ್ಲಿ ಮೊದಲು ತದ್ವಿರುದ್ಧ ದಿಕ್ಕಿನ ಕಲ್ಯಾಣದ ಲೋಕಲ್ ಹತ್ತುತ್ತಾರೆ. ಕಲ್ಯಾಣದಲ್ಲಿ ಇಳಿಯುವುದಿಲ್ಲ. ಗಟ್ಟಿಯಾಗಿ ಕೂತು, ಅದೇ ಗಾಡಿ ಹಿಂದಿರುಗಿ ಹೊರಟಾಗ ಕಿಟಕಿಯ ಜಹಗೀರುದಾರರಾಗಿ ಬರುತ್ತಾರೆ. ಕಿಟಕಿಗಳಲ್ಲೂ ಎರಡು ಜಾತಿ. ಗಾಡಿ ಹೋಗುವ ಕಡೆಗೆ ಮುಖ ಮಾಡಿದ್ದಕ್ಕೆ ಗಾಳಿ ಬರುತ್ತದೆ, ಬೆನ್ನು ಮಾಡಿದ್ದಕ್ಕೆ ಎದುರು ಕೂತವರ ತಲೆಯೆಣ್ಣೆಯ ವಾಸನೆ ಬರುತ್ತದೆ. ಗಾಡಿ ಕಲ್ಯಾಣದಲ್ಲಿ ದಿಕ್ಕು ಬದಲಿಸುವುದರಿಂದ, ಜಾಣರಾದವರು ಹೋಗುವಾಗ ಬೆನ್ನಿನ ಕಿಟಕಿ ಹಿಡಿದು ಬರುವಾಗ ಗಾಳಿ ತಿನ್ನುತ್ತಾರೆ. ಇಷ್ಟು ಲೆಕ್ಕ ಹಾಕುವ ಊರಿನ ಹುಡುಗನಿಗೆ ವಿಮಾನ ಯಾವ ದೊಡ್ಡ ಮಾತು!

ನನ್ನಮ್ಮ ಈ ವಿದ್ಯೆಯ ಪೀಠಾಧಿಪತಿ. ಇಪ್ಪತ್ತೆರಡು ವರ್ಷ ಬೆಳಗಿನ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಮುಂಬೈಯ ಫೋರ್ಟಿನ ಒಂದು ಕಚೇರಿಗೆ ಹೋಗಿಬಂದವಳು. ಬಟಾಣಿ ಸುಲಿಯುವುದು, ಸ್ವೆಟರ್ ಹೆಣೆಯುವುದು, ಮಗನ ಗಣಿತದ ಮಾರ್ಕಿನ ಬಗ್ಗೆ ಅಳುವುದು, ಎಲ್ಲವೂ ಅಲ್ಲೇ. ಆ ಡಬ್ಬಿಯಲ್ಲಿ ಬರೆದಿಡದ ಒಂದು ಕಾನೂನಿತ್ತು. ಡೊಂಬಿವಲಿಯಿಂದ ಕಿಟಕಿಯಲ್ಲಿ ಕೂತು ಬಂದವಳು ಘಾಟ್‌ಕೋಪರ್ ಬಂದ ಕೂಡಲೇ ಎದ್ದು, ಅಷ್ಟು ಹೊತ್ತು ನಿಂತಿದ್ದವಳಿಗೆ ಜಾಗ ಬಿಡಬೇಕು. ಅರ್ಧ ದಾರಿ ನನಗೆ, ಅರ್ಧ ದಾರಿ ನಿನಗೆ. ನಿಂತವಳು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳುವ ತನಕ ಕೂತಿದ್ದರೆ ಕೂತವಳಿಗೆ ಅವಮಾನ. ಅಮ್ಮ ಜ್ವರ ಬಂದ ದಿನವೂ ಘಾಟ್‌ಕೋಪರಿನಲ್ಲಿ ಎದ್ದಿದ್ದಾಳಂತೆ. ಇದನ್ನು ಅವಳು, ಯುದ್ಧದಲ್ಲಿ ಗುಂಡು ತಿಂದವರು ಹೇಳುವ ಠೀವಿಯಲ್ಲಿ ಹೇಳುತ್ತಾಳೆ.

ಇಂಥ ಅಮ್ಮನಿಗೆ ಒಂದು ಆಸೆಯಿತ್ತು. ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಬೇಸಗೆಯಲ್ಲಿ ಹಪ್ಪಳ ಹರಡಿ ಕಾಗೆ ಕಾಯುತ್ತ ಕೂರುವಾಗ, ಮುಂಬೈಗೆ ಇಳಿಯುವ ವಿಮಾನಗಳು ದಕ್ಷಿಣದ ಆಕಾಶದಲ್ಲಿ ತಗ್ಗಾಗಿ ಸಾಲುಗಟ್ಟಿ ಹೋಗುತ್ತವೆ. ಮೂವತ್ತು ವರ್ಷದಿಂದ ಅವಳು ಕತ್ತೆತ್ತಿ ನೋಡುತ್ತಲೇ ಬಂದವಳು. ‘ಅಲ್ಲಿಂದ ನಮ್ಮ ಟೆರೇಸು ಕಾಣ್ತದಾ?’ ಎಂದು ಒಮ್ಮೆ ಕೇಳಿದಳು. ಅವಳು ಎಂದೂ ವಿಮಾನ ಹತ್ತಿರಲಿಲ್ಲ. ಉಡುಪಿಗೆ ಬಸ್ಸು, ಇಲ್ಲದಿದ್ದರೆ ರೈಲು. ಈ ವರ್ಷ ಚಿಕ್ಕಮ್ಮನ ಮಗಳ ಮದುವೆ ಹುಬ್ಬಳ್ಳಿಯಲ್ಲಿ ಬಂತು. ಬರುವಾಗ ವಿಮಾನದಲ್ಲೇ ಬರೋಣ, ನಿನ್ನ ಟೆರೇಸನ್ನು ನಾನು ತೋರಿಸುತ್ತೇನೆ ಎಂದೆ. ‘ಕಾಣದಿದ್ದರೆ ನನ್ನ ಹೆಸರು ಬದಲಾಯಿಸು’ ಎಂದೂ ಸೇರಿಸಿದೆ. ‘ಇಡುವಾಗಲೇ ತಪ್ಪಿತ್ತು ಅದು’ ಎಂದರು ಅಪ್ಪ, ಪೇಪರಿನ ಹಿಂದಿನಿಂದ.

ಅಪ್ಪ ವಿಮಾನಕ್ಕೆ ಒಪ್ಪಲಿಲ್ಲ. ಮುಹೂರ್ತ ಮುಗಿದ ಸಂಜೆಯೇ ಬಸ್ಸಿನಲ್ಲಿ ಹಿಂದಿರುಗುವುದೆಂದು ಮೊದಲೇ ಹೇಳಿಬಿಟ್ಟರು. ತಾನಿಲ್ಲದೆ ಹೋಟೆಲಿನ ಸಾಂಬಾರು ತನ್ನಷ್ಟಕ್ಕೆ ನೀರಾಗುತ್ತದೆ ಎಂದು ಅವರ ಭಾವನೆ. ಕಿಟಕಿ ಸೀಟಿನ ಬಗ್ಗೆ ಅವರ ಅಭಿಪ್ರಾಯವೂ ಖಡಕ್ಕಾಗಿತ್ತು. ‘ಅದು ಎಂತದ್ದು ಕಿಟಕಿ ಮಾರಾಯ? ತೆರೀಲಿಕ್ಕೆ ಆಗುವುದಿಲ್ಲ, ಗಾಳಿ ಬರುವುದಿಲ್ಲ, ಕೈ ಹೊರಗೆ ಹಾಕಿ ಒಂದು ವಡಾಪಾವ್ ತಗೊಳ್ಳಲಿಕ್ಕಾಗುವುದಿಲ್ಲ. ಗೋಡೆಗೆ ಗಾಜು ಇಟ್ಟಿದ್ದಾರೆ, ಅಷ್ಟೇ.’

ನಾನು ನಕಾಶೆ ಹಿಡಿದು ಕೂತೆ. ಈ ಸಲ ಹುಡುಗಾಟವಲ್ಲ. ಹುಬ್ಬಳ್ಳಿಯಿಂದ ಬರುವ ವಿಮಾನ ಮುಂಬೈಗೆ ಪೂರ್ವದಿಂದ ಇಳಿಯುವಾಗ ಕಲ್ಯಾಣ, ಡೊಂಬಿವಲಿ, ಠಾಣೆ ಎಲ್ಲ ಬಲಗಡೆಗೆ. ಎಡಗಡೆ ಕೂತರೆ ಸೀವುಡ್ಸ್, ಅಂದರೆ ನನ್ನ ಆಫೀಸು. ರಜೆಯ ದಿನ ಅದನ್ನು ಆಕಾಶದಿಂದಲೂ ನೋಡಬೇಕಾದ ಪಾಪ ನಾನೇನು ಮಾಡಿದ್ದೇನೆ? ಬಲಗಡೆ ಎಂದು ಗುರುತು ಹಾಕಿದೆ. ರೆಕ್ಕೆ ಅಡ್ಡ ಬಾರದ ಹಾಗೆ ಹಿಂದಿನ ಸಾಲು. ಗೋಡೆ ಇಲ್ಲವೆಂದು ಎರಡು ಕಡೆ ವಿಚಾರಿಸಿಕೊಂಡೆ. ಕಿಟಕಿ ಅಮ್ಮನಿಗೆ, ನಡುವಿನದು ನನಗೆ.

ಉಳಿದದ್ದು ಟೆರೇಸನ್ನು ಗುರುತಿಸುವುದು. ಡೊಂಬಿವಲಿಯ ಟೆರೇಸುಗಳು ಮೇಲಿನಿಂದ ಒಂದೇ ತಾಯಿಯ ಮಕ್ಕಳಂತಿರುತ್ತವೆ, ಎಲ್ಲದರ ಮೇಲೂ ಒಂದು ನೀರಿನ ಟ್ಯಾಂಕಿ, ಒಂದು ಒಣಗುವ ಚಡ್ಡಿ. ಅಮ್ಮ ತನ್ನ ಹಳದಿ ಬೆಡ್‌ಶೀಟನ್ನು ಹಾಸಿಡುವುದೆಂದು ತೀರ್ಮಾನಿಸಿದಳು. ಟೆರೇಸಿನ ಬೀಗದ ಕೈ ಇರುವುದು ಸೊಸೈಟಿಯ ಸೆಕ್ರೆಟರಿ ಬಾಪಟ್ ಕಾಕಾ ಹತ್ತಿರ. ಅವರು ರಿಟೈರಾದ ರೈಲ್ವೆ ಗುಮಾಸ್ತರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ‘ವಿಮಾನಾತೂನ್ ಬೆಡ್‌ಶೀಟ್ ಬಘಣಾರ್? ಪರ್ಮಿಷನ್ ಲಾಗೇಲ್’ ಎಂದರು. ವಿಮಾನದಿಂದ ಬೆಡ್‌ಶೀಟು ನೋಡಲು ಪರವಾನಗಿ ಬೇಕಂತೆ! ಯಾರದ್ದು ಕಾಕಾ, ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ಮಾಝೀಚ್’ ಎಂದರು, ತನ್ನದೇ ಎಂದು. ಆಮೇಲೆ ತಾವೇ ಪರವಾನಗಿ ಕೊಟ್ಟುಕೊಂಡು, ಮಧ್ಯಾಹ್ನ ಮೂರೂವರೆಗೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿ, ಸ್ವತಃ ಪಕ್ಕದಲ್ಲಿ ನಿಂತು ಕೈ ಬೀಸುವುದಾಗಿ ಮಾತು ಕೊಟ್ಟರು. ನಾನು ಅವರೆದುರೇ ಅವರ ದನಿಯಲ್ಲಿ ‘ಪರ್ಮಿಷನ್ ಲಾಗೇಲ್’ ಎಂದು ಹೇಳಿ ತೋರಿಸಿದೆ. ತುಂಬ ಚೆನ್ನಾಗಿದೆ, ಯಾರ ದನಿ ಅದು ಎಂದು ಕೇಳಿದರು.

ಅಂತೂ ಮದುವೆ ಉಂಡು ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದೆವು. ಗೇಟಿನಲ್ಲಿ ಕರೆಯುವುದೇ ತಡ, ಅಮ್ಮನ ಕಾಲುಗಳಿಗೆ ಇಪ್ಪತ್ತೆರಡು ವರ್ಷದ ನೆನಪು ಬಂತು. ಬ್ಯಾಗನ್ನು ಎದೆಗೆ ಅವುಚಿ, ನೆರಿಗೆ ಎತ್ತಿ, ಮೊಣಕೈ ಚೂಪು ಮಾಡಿ ಹೊರಟೇಬಿಟ್ಟಳು. ‘ಅಮ್ಮ, ಸೀಟಿಗೆ ನಂಬರ್ ಉಂಟು, ಯಾರೂ ತಗೊಳ್ಳುವುದಿಲ್ಲ’ ಎಂದೆ. ‘ನಂಬರ್ ಇದ್ರೆ ಎಂತ ಆಯ್ತು? ಯಾರಾದ್ರೂ ಕೂತು ನಿದ್ರೆ ಬಂದವರ ಹಾಗೆ ಮಾಡಿದ್ರೆ? ನಿನಗೆ ಜನ ಗೊತ್ತಿಲ್ಲ’ ಎಂದು ಸೂಟುಬೂಟಿನ ಇಬ್ಬರನ್ನು ಹಿಂದೆ ಹಾಕಿದಳು.

ನಮ್ಮ ಸಾಲಿನಲ್ಲಿ ಆಗಲೇ ಒಬ್ಬರಿದ್ದರು, ಆದರೆ ನಡೆಯುವ ದಾರಿಯ ಪಕ್ಕದ, ತಮ್ಮದೇ ಸೀಟಿನಲ್ಲಿ. ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಮಡಿಲಲ್ಲಿ ಕೈಚೀಲ, ಮುಖದ ಅರ್ಧಕ್ಕೆ ದೊಡ್ಡ ಕಪ್ಪು ಕನ್ನಡಕ. ಗುಟ್ಟಾಗಿ ಪ್ರವಾಸ ಹೊರಟ ಪೊಲೀಸ್ ಕಮಿಷನರರ ತಾಯಿಯ ಹಾಗೆ ಕಂಡರು. ಅವರನ್ನು ದಾಟಿ ಕಿಟಕಿಗೆ ಸರಿಯುತ್ತಿದ್ದ ಅಮ್ಮ, ಲೋಕಲ್ ಗಾಡಿಯಲ್ಲಿ ಯಾರ ಸೀಟು ಯಾವಾಗ ಖಾಲಿಯಾಗುತ್ತದೆಂದು ತಿಳಿಯಲು ಕೇಳುವ ಅದೇ ಪ್ರಶ್ನೆಯನ್ನು ಕೇಳಿಬಿಟ್ಟಳು: ‘ನೀವು ಎಲ್ಲಿ ಇಳೀತೀರಿ?’

ಆ ತಾಯಿ ಗಂಭೀರವಾಗಿ ಯೋಚಿಸಿದರು. ‘ಮುಂಬೈದಾಗ ಇಳೀಬೇಕಂತ ಮಾಡೀನ್ರೀ. ನೀವು?’

‘ನಾವೂ ಅಲ್ಲೇ’ ಎಂದಳು ಅಮ್ಮ. ನಡುವೆ ಯಾರೂ ಇಳಿಯುವ ಲಕ್ಷಣವಿಲ್ಲ ಎಂಬ ಸಣ್ಣ ಬೇಸರ ದನಿಯಲ್ಲಿತ್ತು.

ವಿಮಾನ ಓಡತೊಡಗಿತು. ನನ್ನ ನಕಾಶೆಯಲ್ಲಿ ಈ ಭಾಗ ಇರಲಿಲ್ಲ. ನೆಲ ಬಿಡುವಾಗ ಹೊಟ್ಟೆ ಮಾತ್ರ ಹುಬ್ಬಳ್ಳಿಯಲ್ಲೇ ಉಳಿಯುತ್ತದೆಂದು ಯಾವ ನಕಾಶೆಯೂ ಹೇಳುವುದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ಸೀಟಿನ ಕೈಯನ್ನು ಬಿಗಿಯಾಗಿ ಹಿಡಿದೆ. ಸ್ವಲ್ಪ ಹೊತ್ತಿಗೆ ಆ ಕೈಗೆ ಬಳೆಗಳಿರುವುದು ಗಮನಕ್ಕೆ ಬಂತು.

‘ತಮ್ಮಾ, ಹೆದರಬ್ಯಾಡ’ ಎಂದರು ಕಪ್ಪು ಕನ್ನಡಕದವರು. ‘ನಮ್ಮೂರ ಟಂಟಂ ಗಾಡ್ಯಾಗ ಇದಕ್ಕಿಂತ ಭಾಳ ಕುಲಕತೈತಿ. ಹಿಡ್ಕೊಂಡಿರು, ಹಿಡ್ಕೊಂಡಿರು.’

‘ಇವನಿಗೂ ಮೊದಲ ಸಲ’ ಎಂದು ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆ ಘೋಷಿಸಿದಳು. ‘ಊರಿಗೆಲ್ಲ ಬುದ್ಧಿ ಹೇಳುವುದು ಮಾತ್ರ.’ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಮ್ಮ ಆಫೀಸಿನವರು ಯಾರೂ ಆ ವಿಮಾನದಲ್ಲಿರಲಿಲ್ಲ ಎಂಬುದು ನನ್ನ ಪೂರ್ವಜನ್ಮದ ಪುಣ್ಯ.

ಮೋಡದೊಳಗೆ ಸೇರಿದ ಮೇಲೆ ನೋಡಲು ಏನೂ ಇಲ್ಲದೆ ಅಮ್ಮ ಮಾತಿಗಿಳಿದಳು. ಟೆರೇಸು, ಹಪ್ಪಳ, ಹಳದಿ ಬೆಡ್‌ಶೀಟು, ಬಾಪಟ್ ಕಾಕಾ, ಎಲ್ಲವನ್ನೂ ಹೇಳಿದಳು. ನನ್ನ ಹೊಟ್ಟೆಯ ಮೇಲಿಂದ ಹಾದುಹೋದ ಆ ಸಂಭಾಷಣೆಯಲ್ಲಿ ಆ ತಾಯಿಯ ಕಥೆಯೂ ಬಂತು. ಹೆಸರು ಗಂಗವ್ವ. ವಿಜಯಪುರದ ಕಡೆಯವರು. ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಆಗಿ, ಮಗಳ ಮನೆಯಲ್ಲಿ ಮೂರು ವಾರ ಇದ್ದು, ಈಗ ಭಿವಂಡಿಯಲ್ಲಿರುವ ಮಗನ ಹತ್ತಿರ ಹೊರಟಿದ್ದರು.

‘ಮಗಾ ಅಲ್ಲಿ ಗೋದಾಮಿನ್ಯಾಗ ಲೋಡಿಂಗ್ ಕೆಲಸಾ ಮಾಡ್ತಾನ್ರೀ. ಹನ್ನೆರಡು ವರ್ಸ ಆತು, ನಾ ಒಮ್ಮೀನೂ ಆ ಊರ ನೋಡಿಲ್ಲ. ಬಸ್ಸಿನ್ಯಾಗ ಬ್ಯಾಡಬೇ ಅವ್ವಾ, ಕಣ್ಣಿಗೆ ಕುಲಕಬಾರ್ದು, ವಿಮಾನದಾಗ ಬಾ ಅಂದ. ಮ್ಯಾಲಿಂದ ನೋಡಿದ್ರ ಸಾಲಕ ನೀಲಿ ತಗಡು ಕಾಣತಾವಂತ. ಆ ತಗಡಿನ ಕೆಳಗ ನಾ ಇರತೀನಿ, ನೋಡು ಅಂದಾನ.’ ಇಷ್ಟು ಹೇಳಿ ಗಂಗವ್ವ ಕೈಚೀಲದ ಗುಂಡಿ ಬಿಚ್ಚಿ, ಮತ್ತೆ ಹಾಕಿದರು. ‘ಯಾವ ಬಾಜೂಕ ಕಾಣತಾವಂತ ಅವಂಗೂ ಗೊತ್ತಿಲ್ಲ ಬಿಡ್ರಿ.’

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಎದುರಿಗೆ ಒಬ್ಬರು ‘ಯಾವ ಬಾಜು’ ಎಂದು ಸಂಶಯಪಟ್ಟಾಗ ಸುಮ್ಮನಿರಲು ನನ್ನಂಥ ಪಂಡಿತನಿಗೆ ಸಾಧ್ಯವೇ? ಪೈಲಟ್ಟಿನ ದನಿ ತಾನಾಗಿ ಹೊರಟುಬಂತು. ‘ಬಲಗಡೆ ಅಮ್ಮ. ಇದೇ ಕಿಟಕಿ. ಮೊದಲು ನಮ್ಮ ಡೊಂಬಿವಲಿ, ಅದರ ಹಿಂದೆ ಹೊಳೆ, ಹೊಳೆಯಾಚೆ ಭಿವಂಡಿ.’

ಅಮ್ಮ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಗಂಗವ್ವನನ್ನು. ‘ಎಷ್ಟು ಹೊತ್ತಾಯ್ತು ಹೊರಟು?’ ಎಂದು ಕೇಳಿದಳು.

‘ಅರ್ಧಕ್ಕಿಂತ ಹೆಚ್ಚು ಆಯ್ತು.’

‘ಹಾಗಾದ್ರೆ ಘಾಟ್‌ಕೋಪರ್ ಬಂತು’ ಎಂದು ಬೆಲ್ಟು ಬಿಚ್ಚಿ ಎದ್ದುನಿಂತಳು. ‘ಅಕ್ಕ, ಬನ್ನಿ, ಕಿಟಕಿಗೆ ಬನ್ನಿ.’

ನಾನು ಅವಳ ಸೆರಗು ಹಿಡಿದೆ. ‘ಅಮ್ಮ, ನೋಡುವಂಥದ್ದೆಲ್ಲ ಬರುವುದು ಇನ್ನು ಮುಂದೆ! ಇಷ್ಟು ಹೊತ್ತು ಇದ್ದದ್ದು ಬರೀ ಮೋಡ!’

‘ಮೋಡ ಬಂದದ್ದು ಅವರ ತಪ್ಪಾ? ಅರ್ಧ ದಾರಿ ನಾನು ಕೂತೆ ಅಲ್ವಾ?’

‘ಬಾಪಟ್ ಕಾಕಾ ಅಲ್ಲಿ ಬಿಸಿಲಲ್ಲಿ ನಿಂತಿದ್ದಾರೆ!’

‘ನಮ್ಮ ಟೆರೇಸು ನಾನು ಮೂವತ್ತು ವರ್ಷದಿಂದ ನೋಡ್ತಾ ಇದ್ದೇನೆ ಮಾರಾಯ. ಅವರು ಮಗ ಇರುವ ಊರನ್ನೇ ನೋಡಲಿಲ್ಲ.’

ಗಂಗವ್ವ ಎರಡೂ ಕೈ ಆಡಿಸಿದರು. ‘ಬ್ಯಾಡ್ರೀ ಅಕ್ಕಾರ. ನಿಮ್ಮ ಜಾಗಾ, ನೀವು ಆಸೇಲೆ ಬಂದೀರಿ. ನಾ ಎಲ್ಲಿ ಕೇಳಿದ್ನ್ಯಾ?’

‘ಕೇಳಲಿಲ್ಲ ಅಲ್ವಾ? ಅದಕ್ಕೇ ಕೊಡುವುದು’ ಎಂದಳು ಅಮ್ಮ. ಲೇಡೀಸ್ ಡಬ್ಬಿಯ ಕಾನೂನಿಗೆ ಮೇಲಿನ ಕೋರ್ಟು ಇಲ್ಲ.

ನಾನು ಎದ್ದು ಜಾಗ ಬಿಟ್ಟೆ. ಗಂಗವ್ವ ಒಳಗೆ, ಅಮ್ಮ ಹೊರಗೆ. ಅಮ್ಮ ಕೊನೇಪಕ್ಷ ನಡುವೆ ಕೂರಲಿ, ನಾನು ಅಂಚಿಗೆ ಹೋಗುತ್ತೇನೆ ಎಂದು ಬಾಯಿ ತೆಗೆಯುವಷ್ಟರಲ್ಲಿ ಬೆಲ್ಟಿನ ದೀಪ ಹತ್ತಿತು. ವಿಮಾನದ ಹುಡುಗಿ ಓಡಿಬಂದು, ನಗುತ್ತಲೇ ಗದರಿಸುವ ಅವರ ಆ ವಿಶೇಷ ದನಿಯಲ್ಲಿ, ಇದ್ದಲ್ಲೇ ಕೂರಿ ಎಂದಳು. ಆ ದನಿಯನ್ನು ನಾನು ಇವತ್ತಿಗೂ ಸರಿಯಾಗಿ ಕಲಿತಿಲ್ಲ. ಹೀಗೆ ವಾರಗಟ್ಟಲೆ ಲೆಕ್ಕ ಹಾಕಿ ಹಿಡಿದ ಕಿಟಕಿಯಿಂದ ಅಮ್ಮ ಮೂರನೆಯವಳಾಗಿ, ನಾನು ಇಬ್ಬರ ನಡುವೆ ಗೋಡೆಯಾಗಿ, ಮುಂಬೈಗೆ ಇಳಿಯತೊಡಗಿದೆವು.

ಮೋಡ ಸರಿಯಿತು. ಗಂಗವ್ವ, ‘ಡಾಕ್ಟರ್ ಬೈತಾರ’ ಎನ್ನುತ್ತಲೇ ಕಪ್ಪು ಕನ್ನಡಕವನ್ನು ಹಣೆಗೇರಿಸಿದರು. ಕೆಳಗಿನ ಲೋಕ ನೋಡಿ ‘ಯವ್ವಾ!’ ಎಂದು ಅವರು ತೆಗೆದ ಉದ್ಗಾರಕ್ಕೆ ಹಿಂದಿನ ಸಾಲಿನ ಮಗು ಎಚ್ಚರವಾಯಿತು. ಆಮೇಲೆ ಒಂದೇ ಸಮನೆ ವರದಿ. ‘ಗುಡ್ಡ ಬಂತ್ರೀ... ಮನಿ ನೋಡ್ರಿ, ಬೆಂಕಿಪೆಟ್ಟಿಗಿ ಹೊಂದಿಸಿಟ್ಟಂಗ... ಇರಿವಿ ಸಾಲಿನಂಗ ಗಾಡಿ ಹೊಂಟಾವ... ಹೊಳಿ ಬಂತು!’

‘ಉಲ್ಲಾಸ ನದಿ ಅದು!’ ಎಂದಳು ಅಮ್ಮ ಆಚೆ ಕಡೆಯಿಂದ ಕೊರಳು ಉದ್ದ ಮಾಡಿ. ಅವಳಿಗೆ ಕಾಣುತ್ತಿದ್ದದ್ದು ನನ್ನ ಮೂಗು. ನನಗೆ ಕಾಣುತ್ತಿದ್ದದ್ದು ಗಂಗವ್ವನ ತುರುಬು. ‘ಅದರ ಆಚೆ ನೀಲಿ ತಗಡು ಉಂಟಾ?’

‘ಅದಾವ್ರೀ! ಒಂದ ಎರಡ? ಊರ ತುಂಬ ಅದಾವ. ಯಾವ್ದ್ರೀ ನಮ್ಮಾಂವಂದು?’

ಭಿವಂಡಿಗೆ ಅಮ್ಮ ಜನ್ಮದಲ್ಲಿ ಕಾಲಿಟ್ಟವಳಲ್ಲ. ‘ದೊಡ್ಡದು ಒಂದು ಕಾಣ್ತದಲ್ಲ? ಅದರ ಪಕ್ಕದ್ದು. ಅದೇ’ ಎಂದಳು, ಸ್ವಂತ ಕೈಯಾರೆ ತಗಡು ಹೊದೆಸಿದವಳ ಧೈರ್ಯದಲ್ಲಿ.

‘ಹೌದ್ರೀ! ಅದಾ! ಕಂಡ್ತು!’ ಗಂಗವ್ವ ಗಾಜಿನ ಮೇಲೆ ಅಂಗೈ ಊರಿದರು. ಸೆರಗಿನಿಂದ ಹೊಸ ಕಣ್ಣನ್ನು ಮೆಲ್ಲಗೆ ಒತ್ತಿಕೊಂಡರು. ಆಮೇಲೆ ಏನೋ ನೆನಪಾದವರಂತೆ, ‘ಅಯ್ಯ, ನಿಮ್ಮ ಹಳದಿ ಚಾದರ ಮರತ ಬಿಟ್ನಿ!’ ಎಂದು ಮತ್ತೆ ಕಿಟಕಿಗೆ ಬಗ್ಗಿದರು. ಮೂರು ಎಣಿಸುವಷ್ಟರಲ್ಲಿ ಕೂಗಿದರು: ‘ಕಂಡ್ತು! ಹಳದಿ ಚಾದರ! ಬಾಜೂಕ ಒಬ್ರು ಮುದುಕ್ರು ನಿಂತು ಕೈ ಬೀಸಾಕತ್ತಾರ!’

‘ಬಾಪಟ್ ಕಾಕಾ!’ ಎಂದು ಅಮ್ಮ ಸೀಟಿನಿಂದ ಅರ್ಧ ಎದ್ದಳು. ಬೆಲ್ಟು ಅವಳನ್ನು ಎಳೆದು ಕೂರಿಸಿತು.

ನಕಾಶೆಯನ್ನು ಬಾಯಿಪಾಠ ಮಾಡಿದ್ದ ನನಗೆ ಒಂದು ವಿಷಯ ಖಚಿತವಾಗಿ ಗೊತ್ತಿತ್ತು. ಡೊಂಬಿವಲಿ ಎಂದೋ ಹಿಂದಾಗಿತ್ತು. ತುರುಬಿನ ಸಂದಿಯಲ್ಲಿ ನನಗೆ ಕಂಡ ಒಂದು ಚೂರು ನೀರು ವಾಶಿಯ ಖಾಡಿಯದು, ಸಮುದ್ರದ ಹಿನ್ನೀರು. ಅಲ್ಲಿ ಚಾದರವೂ ಇಲ್ಲ, ಮುದುಕರೂ ಇಲ್ಲ. ಇದ್ದರೂ ಆ ಎತ್ತರದಿಂದ ಮನುಷ್ಯನಿಗೂ ಸಾಸಿವೆಗೂ ವ್ಯತ್ಯಾಸ ಕಾಣುವುದಿಲ್ಲ. ನನ್ನ ಬಾಯಿಯಲ್ಲಿ ಪೈಲಟ್ಟಿನ ದನಿಯಲ್ಲೇ ಒಂದು ಒಳ್ಳೆಯ ತಮಾಷೆ ತಯಾರಾಗಿತ್ತು. ಎಡಕ್ಕೆ ನೋಡಿದೆ, ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಲಕ್ಕೆ ನೋಡಿದೆ, ಗಂಗವ್ವ ಇನ್ನೂ ಕೈ ಬೀಸುತ್ತಿದ್ದರು, ಖಾಡಿಯ ನೀರಿಗೆ. ತಮಾಷೆಯನ್ನು ನುಂಗಿದೆ. ಅಭ್ಯಾಸವಿಲ್ಲದ್ದರಿಂದ ಗಂಟಲಿಗೆ ಸಿಕ್ಕಿತು. ಅಷ್ಟರಲ್ಲಿ ಚಕ್ರ ನೆಲಕ್ಕೆ ಬಡಿಯಿತು, ನಾನು ಕಣ್ಣು ಮುಚ್ಚಿ ಎರಡೂ ಕಡೆಯ ಬಳೆಗಳನ್ನು ಹಿಡಿದುಕೊಂಡೆ.

ಹೊರಗೆ ಗಂಗವ್ವನ ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. ‘ನಿನ್ನ ತಗಡ ನೋಡಿದ್ನ್ಯೋ!’ ಎಂದು ಅವರು ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದರು. ಹೆಂಗಸರಿಬ್ಬರೂ ಫೋನ್ ನಂಬರು ಕೊಟ್ಟು ತೆಗೆದುಕೊಂಡರು. ಹನ್ನೆರಡು ವರ್ಷದಿಂದ ಭಾರ ಹೊತ್ತ ಆ ಮನುಷ್ಯ ಅಮ್ಮನ ಸೂಟ್‌ಕೇಸನ್ನೂ, ಬೇಡವೆಂದರೂ ಕೇಳದೆ, ರಿಕ್ಷಾದ ತನಕ ಹೊತ್ತುಕೊಟ್ಟ. ನನ್ನ ಚೀಲವನ್ನು ಹೊರಲಿಲ್ಲ. ನೋಡಿ ನಕ್ಕ, ಅಷ್ಟೇ.

ಡೊಂಬಿವಲಿಯಲ್ಲಿ ಬಿಲ್ಡಿಂಗಿನ ಮೆಟ್ಟಿಲಿನಲ್ಲೇ ಬಾಪಟ್ ಕಾಕಾ ಸಿಕ್ಕಿದರು. ಏಕೋ ನಮ್ಮ ಮುಖ ಬಿಟ್ಟು ನಮ್ಮ ಚಪ್ಪಲಿಗಳನ್ನೇ ನೋಡುತ್ತಿದ್ದರು. ‘ವಹಿನೀ... ದಿಸ್ಲಂ ಕಾ?’ ಎಂದು, ಕಂಡಿತೇ ಎಂದು, ಸಣ್ಣ ದನಿಯಲ್ಲಿ ಕೇಳಿದರು.

‘ದಿಸ್ಲಂ! ತುಮ್ಹೀ ಪಣ್ ದಿಸ್ಲಾತ್! ಹಾತ್ ಹಲವತ್ ಹೋತಾತ್ ನಾ?’ ಎಂದಳು ಅಮ್ಮ. ಚಾದರವೂ ಕಂಡಿತು, ಕೈ ಬೀಸುತ್ತಿದ್ದ ನೀವೂ ಕಂಡಿರಿ.

ಕಾಕಾ ಮುಖದಲ್ಲಿ ನಾಲ್ಕೈದು ಬಣ್ಣ ಬಂದುಹೋದವು. ‘ಮೀ?’ ಎಂದರು, ನಾನೇ ಎಂದು. ಮರುಕ್ಷಣ ಚೇತರಿಸಿಕೊಂಡು, ‘ಹೋ ಹೋ! ಕಿತೀ ಊನ್ ಹೋತಂ!’ ಎಂದು ಹಣೆಯ ಬೆವರು ಒರೆಸಿಕೊಂಡರು. ಎಂಥ ಬಿಸಿಲು, ಎಂಥ ಬಿಸಿಲು! ಅಮ್ಮ ಮೇಲೆ ಹೋದದ್ದೇ ನನ್ನ ತೋಳು ಹಿಡಿದು ಮೂಲೆಗೆಳೆದರು. ಟೆರೇಸಿನ ಬೀಗದ ಕೈಯನ್ನು ಟ್ಯಾಂಕಿ ತೊಳೆಯುವವನು ಮರೆತು ಕಲ್ಯಾಣಕ್ಕೆ ಒಯ್ದಿದ್ದನಂತೆ. ಮಡಿಕೆ ಬಿಚ್ಚದ ಹಳದಿ ಬೆಡ್‌ಶೀಟನ್ನು ಸೊಸೈಟಿಯ ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟು, ‘ಆಈಲಾ ಸಾಂಗೂ ನಕೋಸ್’ ಎಂದರು, ಅಮ್ಮನಿಗೆ ಹೇಳಬೇಡ ಎಂದು. ನಾನು ಹೇಳಲಿಲ್ಲ. ಕಳ್ಳನ ಹಾಗೆ ಅದನ್ನು ಬೀರುವಿನಲ್ಲಿಟ್ಟೆ. ಸಂಜೆ ಅಮ್ಮ ಅದನ್ನು ಹೊರತೆಗೆದು ಮೂಗಿನ ಹತ್ತಿರ ಹಿಡಿದು, ‘ಇಡೀ ಮಧ್ಯಾಹ್ನ ಬಿಸಿಲಲ್ಲಿ ಬಿದ್ದದ್ದು, ಬಿಸಿಲಿನ ವಾಸನೆಯೇ ಇಲ್ಲ’ ಎಂದಳು. ನಾನು ಫೋನಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ಹುಡುಕುತ್ತಿದ್ದೆ. ಅವಳು ಮತ್ತೇನೂ ಕೇಳದೆ, ಮೊದಲಿನ ಮಡಿಕೆಯಲ್ಲೇ ಮಡಚಿ ಒಳಗಿಟ್ಟಳು.

ಹತ್ತು ದಿನ ಬಿಟ್ಟು ಗಂಗವ್ವನ ಫೋನು ಬಂತು. ಅಮ್ಮ ಅಲಸಂಡೆ ಹೆಚ್ಚುತ್ತಿದ್ದಳು, ಫೋನು ಸ್ಪೀಕರಿನಲ್ಲಿತ್ತು. ‘ಅಕ್ಕಾರ, ನಿಮ್ಮ ಮುಂದ ಒಂದು ಸುಳ್ಳ ಹೇಳೀನ್ರೀ. ಅವತ್ತಿಂದ ಊಟಾ ಸೇರವಲ್ದು. ಚಾದರಾನೂ ಕಂಡಿಲ್ಲ, ಮುದುಕ್ರೂ ಕಂಡಿಲ್ಲ.’

‘ನಾನೂ ಒಂದು ಹೇಳಿದ್ದೇನೆ’ ಎಂದಳು ಅಮ್ಮ. ‘ಆ ತಗಡು ಯಾರದ್ದೋ ಏನೋ.’

‘ಅದು ಗೊತ್ತಾತ್ರೀ. ನಮ್ಮಾಂವನ ಗೋದಾಮಿಗೆ ನೀಲಿ ತಗಡ ಹಳೇದಾಗಿ ಹಸರು ಹಾಕ್ಯಾರಂತ. ನನಗ ಹೇಳೂದು ಮರ್ತಿದ್ದ!’

ಆಮೇಲೆ ಇಬ್ಬರೂ ನಕ್ಕದ್ದು ಎಷ್ಟೆಂದರೆ, ಅಪ್ಪ ಪೇಪರು ಮಡಚಿಟ್ಟು ಎದ್ದುಬಂದರು. ನಗು ನಿಂತ ಮೇಲೆ ವಿಷಯ ತಿಳಿಯಿತು. ಮುಂದಿನ ತಿಂಗಳು ಗಂಗವ್ವನಿಗೆ ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸುವುದಿದೆ. ಅಮ್ಮನಿಗೂ ಚಿಕ್ಕಮ್ಮನ ಮನೆಗೆ ಹೋಗುವುದಿದೆ, ಈಗಷ್ಟೇ ನೆನಪಾಯಿತಂತೆ. ಒಟ್ಟಿಗೆ ಹೋಗುವುದು, ವಿಮಾನದಲ್ಲೇ, ಜೊತೆಗೆ ನಾನು. ನನ್ನ ಹೆಸರು ಬಂದದ್ದೇ ತಡ, ನಕಾಶೆ ತೆರೆದು ಗಂಟಲು ಸರಿಮಾಡಿಕೊಂಡೆ. ‘ಹೋಗುವಾಗ ಸಹ್ಯಾದ್ರಿ ಚೆನ್ನಾಗಿ ಕಾಣಬೇಕಾದರೆ—’

‘ತಮ್ಮಾ, ನಿನ್ನ ಎಡಾ ಬಲಾ ಅತ್ಲಾಗ ಇರಲಿ’ ಎಂದಿತು ಫೋನು. ‘ಅಕ್ಕಾರ, ಈ ಸಲ ಆ ಹುಡುಗನ್ನ ಕಿಟಕೀಗೆ ಕುಂದರಸೂಣ್ರೀ. ನಡುವ ಕುಂತ್ರ ನಮ್ಮ ಮಾತಿಗೆ ಅಡ್ಡ ಬರ್ತಾನ.’

‘ಸರಿ, ಹಾಗೇ ಮಾಡುವಾ’ ಎಂದಳು ಅಮ್ಮ.

ಹೀಗೆ ಊರಿಗೆಲ್ಲ ಕಿಟಕಿ ಹಂಚಿದ ನನಗೆ ಕೊನೆಗೂ ಒಂದು ಕಿಟಕಿ ದಕ್ಕಿತು. ಆದರೂ ಜ್ಞಾನ ಸುಮ್ಮನಿರಬೇಕಲ್ಲ? ಬಲಗಡೆಯದು ಹಿಡಿಯಲೋ, ಎಡಗಡೆಯದೋ ಎಂದು ಅಮ್ಮನನ್ನು ಕೇಳಿದೆ.

‘ಯಾವುದಾದ್ರೂ ಆಗ್ತದೆ’ ಎಂದಳು ಅವಳು, ಅಲಸಂಡೆಯಿಂದ ತಲೆಯೆತ್ತದೆ. ‘ನೀನು ಹೇಗೂ ಕಣ್ಣು ಮುಚ್ಚಿಕೊಂಡೇ ಇರ್ತಿ.’